ಬಾಗಿಲು ತೆರೆದಿಟ್ಟು ಗಡಿ ಕಾಯುವುದೆ?

ನಮ್ಮ ಪ್ರೆಸ್ಸಿಗೆ ಅಂಕಪಟ್ಟಿಯ ಪ್ರಿಂಟ್ ತೆಗೆಸಲು ಬರುವ ವಿಶ್ವವಿದ್ಯಾಲಯದ ಹುಡುಗರು ತಮ್ಮ ಇಮೇಲನ್ನು ಹಾಗೇ ತೆರೆದಿಟ್ಟು ಹೋಗುತ್ತಾರೆ. ಕರೆದು ಹೇಳಿದರೆ, 'ಕದಿಯೋಕೆ ಅದರಲ್ಲೇನಿದೆ ಸಾರ್?' ಎಂದು ನಗುತ್ತಾರೆ. ಏನಿಲ್ಲ? ಆಧಾರ್ ಇದೆ, ಅಪ್ಪನ ಪಾಸ್‌ಬುಕ್ಕಿನ ಪ್ರತಿ ಇದೆ. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೂ ಅದೇ ಇಮೇಲಿಗೆ!

ಇವರು ದಡ್ಡರಲ್ಲ. ಬರೀ ಹೆದರಿಸುವ ಸುತ್ತೋಲೆಗೆ ಯಾರೂ ಎಚ್ಚರಾಗುವುದಿಲ್ಲ. ನಷ್ಟ ನನ್ನ ಮನೆಯದು, ತಡೆಯುವುದು ನನ್ನ ಕೈಯಲ್ಲೇ ಇದೆ ಎಂದು ಮನಸ್ಸಿಗೆ ನಾಟಬೇಕು. ನಾಟಬೇಕಾದರೆ ತಾಯಿನುಡಿಯಲ್ಲಿ ಹೇಳಬೇಕು. ಅರ್ಥವಾಗದ ಇಂಗ್ಲಿಷ್ ಷರತ್ತಿಗೆ ಸಮ್ಮತಿ ಒತ್ತುವುದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆ! ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಕೇಳಿ ಪಡೆಯೋಣ!

ತರುಣರೇ, ಇಂದೇ ಇಮೇಲಿಗೆ ಟೂ ಸ್ಟೆಪ್ ವೆರಿಫಿಕೇಶನ್ ಎಂಬ ಎರಡನೇ ಬೀಗ ಹಾಕಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲವೆಂದು ಅವ್ವನಿಗೆ ಕನ್ನಡದಲ್ಲಿ ತಿಳಿಸಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾಡಿನ ಗಡಿ ಕಾಯುತ್ತೇವೆನ್ನುವ ನಾವು ಮನೆ ಬಾಗಿಲು ತೆರೆದಿಟ್ಟು ಮಲಗಬಾರದು!