ಶಸ್ತ್ರಕ್ರಿಯೆಯ ಅನಂತರದ ಮದ್ದು: ಪರೀಕ್ಷೆ ಏಕೆ ಬೇಕು?

ಸ್ತನದಲ್ಲಿ ಕಾಣಿಸಿಕೊಂಡ ಕ್ಯಾನ್ಸರಿನ ಗಂಟನ್ನು ಶಸ್ತ್ರವೈದ್ಯರು ತೆಗೆದುಹಾಕಿದ್ದಾರೆ. ಗಾಯ ಮಾಯ್ದಿದೆ. ನೋವಿಲ್ಲ, ಜ್ವರವಿಲ್ಲ, ಯಾವ ಪರೀಕ್ಷೆಯಲ್ಲಿಯೂ ರೋಗದ ಸುಳಿವಿಲ್ಲ. ಇಂತಹ ಹೆಂಗಸಿಗೆ, ಓಕರಿಕೆಯನ್ನು ತರುವ, ತಲೆಗೂದಲನ್ನು ಉದುರಿಸುವ, ರಕ್ತದ ಬಿಳಿಯ ಕಣಗಳನ್ನು ಕುಗ್ಗಿಸುವ ಮದ್ದುಗಳನ್ನು ತಿಂಗಳುಗಟ್ಟಲೆ ಕೊಡುವುದು ಯಾವ ನ್ಯಾಯ? ರೋಗಿಗಳೂ ಅವರ ಮನೆಯವರೂ ಈ ಪ್ರಶ್ನೆಯನ್ನು ಕೇಳುತ್ತಾರೆ; ಕೇಳತಕ್ಕದ್ದೇ ಸರಿ. ಇದಕ್ಕೆ ಒಬ್ಬ ವೈದ್ಯನ ಅನುಭವದಿಂದ ಉತ್ತರ ದೊರೆಯಲಾರದು; ಕ್ರಮಬದ್ಧವಾದ ಪರೀಕ್ಷೆಯಿಂದ ಮಾತ್ರವೇ ದೊರೆಯುತ್ತದೆ. ಅಂತಹ ಪರೀಕ್ಷೆಗಳನ್ನು ಸಾಮಾನ್ಯ ಜನರಾದ ನಾವು ಸಂದೇಹದಿಂದ ದೂರವಿಡದೆ ತಿಳಿದು ಬೆಂಬಲಿಸಬೇಕೆಂಬುದೇ ಈ ಲೇಖನದ ವಾದ.

ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ಶಸ್ತ್ರಕ್ರಿಯೆಯ ಫಲಗಳನ್ನು ಪ್ರಕಟಿಸಿದನು. ಸ್ತನವನ್ನೂ, ಅದರ ಕೆಳಗಿನ ಎದೆಯ ಮಾಂಸಖಂಡಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯುವುದು ಆತನ ಕ್ರಮ. ರೋಗವು ಒಂದು ಕಡೆಯಿಂದ ಸುತ್ತಲಿನ ಜಾಗಕ್ಕೆ ಹಬ್ಬುತ್ತ ಹೋಗುತ್ತದೆ, ಆದುದರಿಂದ ಅಗಲವಾಗಿ ಕತ್ತರಿಸಿದಷ್ಟೂ ಕ್ಷೇಮ ಎಂಬುದು ಆ ಕಾಲದ ನಂಬಿಕೆ. ಮುಕ್ಕಾಲು ಶತಮಾನ ಈ ನಂಬಿಕೆಯೇ ಆಳಿತು. ಆದರೂ ಅಷ್ಟೆಲ್ಲ ಅಂಗಭಂಗವನ್ನು ಸಹಿಸಿದ ಅನೇಕ ಹೆಂಗಸರಲ್ಲಿ ಕೆಲವು ವರ್ಷಗಳ ಮೇಲೆ ಮೂಳೆಯಲ್ಲಿಯೋ ಶ್ವಾಸಕೋಶದಲ್ಲಿಯೋ ರೋಗ ಮತ್ತೆ ತಲೆಯೆತ್ತುತ್ತಿತ್ತು. 1971ರಲ್ಲಿ ಬರ್ನಾರ್ಡ್ ಫಿಷರ್ ಎಂಬ ವೈದ್ಯರ ನೇತೃತ್ವದಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಅಗಲವಾಗಿ ಕತ್ತರಿಸಿದವರಿಗೂ ಅಷ್ಟು ಕತ್ತರಿಸದವರಿಗೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲವೆಂದು 25 ವರ್ಷಗಳ ಲೆಕ್ಕದಿಂದಲೂ ಸ್ಥಿರಪಟ್ಟಿತು. ಶಸ್ತ್ರದ ಮೊನೆ ತಾಗುವುದಕ್ಕೆ ಮುಂಚೆಯೇ ಕೆಲವರಲ್ಲಿ ರೋಗದ ಜೀವಕೋಶಗಳು ರಕ್ತದ ಮೂಲಕ ದೂರ ಹೋಗಿ ನೆಲಸಿರುತ್ತವೆ ಎಂಬುದೇ ಇದರ ಅರ್ಥ. ಹೊಲದ ಗರಿಕೆಯನ್ನು ಕಿತ್ತ ರೈತನಿಗೆ, ಬೇರಿನ ತುಣುಕು ಉಳಿದಿದೆಯೇ ಎಂಬುದು ಮಳೆ ಬಿದ್ದ ಮೇಲೆ ಮಾತ್ರವೇ ತಿಳಿಯುತ್ತದೆಯಷ್ಟೆ!

ಹಾಗೆ ಅಡಗಿರುವ ಕೋಶಗಳನ್ನು ಮೈಯೆಲ್ಲ ಸಂಚರಿಸುವ ಔಷಧಿಯಿಂದಲೇ ಮುಟ್ಟಬೇಕು. ಇಟಲಿಯ ಮಿಲಾನ್ ನಗರದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಜಿಯಾನಿ ಬೊನಾಡೊನ್ನ ಮತ್ತು ಸಂಗಡಿಗರು 1973ರಿಂದ 1975ರವರೆಗೆ ಇದನ್ನು ಪರೀಕ್ಷಿಸಿದರು. ಕಂಕುಳಿನ ಗ್ರಂಥಿಗಳಿಗೆ ರೋಗ ತಗುಲಿದ್ದ 386 ಹೆಂಗಸರು ಇದರಲ್ಲಿ ಸೇರಿದ್ದರು. ಎಲ್ಲರಿಗೂ ಶಸ್ತ್ರಕ್ರಿಯೆ ಆಗಿತ್ತು. 207 ಮಂದಿಗೆ ಸೈಕ್ಲೋಫಾಸ್ಫಮೈಡ್, ಮೆಥೊಟ್ರೆಕ್ಸೇಟ್, ಫ್ಲೂರೋಯುರಾಸಿಲ್ ಎಂಬ ಮೂರು ಮದ್ದುಗಳನ್ನು 12 ಆವರ್ತಗಳಲ್ಲಿ ಕೊಡುವುದೆಂದೂ, 179 ಮಂದಿಗೆ ಏನನ್ನೂ ಕೊಡದಿರುವುದೆಂದೂ ಗೊತ್ತುಮಾಡಲಾಯಿತು. 27 ತಿಂಗಳ ಲೆಕ್ಕವನ್ನು 1976ರಲ್ಲಿ ಪ್ರಕಟಿಸಿದಾಗ, ಮದ್ದಿಲ್ಲದವರಲ್ಲಿ ನೂರಕ್ಕೆ 24 ಮಂದಿಗೆ ರೋಗ ಮರುಕಳಿಸಿತ್ತು. ಮದ್ದು ಪಡೆದವರಲ್ಲಿ ನೂರಕ್ಕೆ 5.3 ಮಾತ್ರ. ಕಾಲ ಕಳೆದಂತೆ ಈ ಅಂತರ ಕಿರಿದಾಯಿತು, ಆದರೆ ಅಳಿಯಲಿಲ್ಲ. ಸುಮಾರು 20 ವರ್ಷಗಳ ಬಳಿಕ, 1995ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಮರುಕಳಿಕೆಯ ಅಪಾಯ ಸುಮಾರು ಮೂರನೆಯ ಒಂದು ಭಾಗದಷ್ಟೂ, ಸಾವಿನ ಅಪಾಯ ಸುಮಾರು ನಾಲ್ಕನೆಯ ಒಂದು ಭಾಗದಷ್ಟೂ ಇಳಿದಿದ್ದುದು ಕಂಡುಬಂದಿತು.

ಒಂದರ ಬದಲು ಮೂರು ಮದ್ದುಗಳೇಕೆ? ಮೊದಲನೆಯದು ಜೀವಕೋಶದ ಆನುವಂಶಿಕ ದ್ರವ್ಯವನ್ನು ಹಾಳುಮಾಡುತ್ತದೆ. ಎರಡನೆಯದು ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಬರುತ್ತದೆ. ಮೂರನೆಯದು ಆ ದ್ರವ್ಯಕ್ಕೆ ಬೇಕಾದ ಒಂದು ಸಾಮಗ್ರಿಯ ತಯಾರಿಕೆಯನ್ನು ತಡೆಯುತ್ತದೆ. ಒಂದು ಮದ್ದಿಗೆ ಜಗ್ಗದೆ ಉಳಿದ ಕೋಶವು ಇನ್ನೊಂದಕ್ಕೆ ಸಿಕ್ಕಿಬೀಳುವ ಸಂಭವ ಹೆಚ್ಚು. ಆದರೆ ತರ್ಕಕ್ಕೆ ಸರಿಕಂಡುದೆಲ್ಲ ದೇಹದಲ್ಲಿ ನಿಜವಾಗಬೇಕೆಂಬ ನಿಯಮವಿಲ್ಲ. ಹಾಲ್‌ಸ್ಟೆಡ್ಡನ ತರ್ಕವೂ ಸೊಗಸಾಗಿಯೇ ಇದ್ದಿತು.

ಈಗ ಒಂದು ಸರಳ ಲೆಕ್ಕವನ್ನು ವಾಚಕರು ಗಮನಿಸಬೇಕು. ಶಸ್ತ್ರಕ್ರಿಯೆಯಾದ 100 ಹೆಂಗಸರಲ್ಲಿ 20 ಮಂದಿಗೆ ರೋಗ ಮರಳುವುದೆಂದು ಇಟ್ಟುಕೊಳ್ಳೋಣ. ಮದ್ದು ಈ ಅಪಾಯವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿದರೆ, ಆರೋ ಏಳೋ ಮಂದಿ ಪಾರಾಗುತ್ತಾರೆ. 80 ಮಂದಿಗೆ ಮದ್ದು ಬೇಕೇ ಇರಲಿಲ್ಲ. ಹದಿಮೂರು ಮಂದಿಗೆ ಕೊಟ್ಟರೂ ಫಲಿಸಲಿಲ್ಲ. ಮದ್ದಿನ ಸಂಕಟವನ್ನು ಮಾತ್ರ ನೂರು ಮಂದಿಯೂ ಅನುಭವಿಸಿದರು. ಪಾರಾದ ಏಳು ಮಂದಿ ಯಾರೆಂಬುದು ಅವರಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಮದ್ದು ಪಡೆದು ಚೆನ್ನಾಗಿರುವ 87 ಮಂದಿಯೂ ಮದ್ದಿನಿಂದಲೇ ಬದುಕಿದೆವೆಂದು ವೈದ್ಯರಿಗೆ ಕೈಮುಗಿಯುತ್ತಾರೆ. ಇಂತಹ ಸ್ಥಿತಿಯಲ್ಲಿ, ಎಷ್ಟೇ ನುರಿತ ವೈದ್ಯನಾಗಲಿ, ತನ್ನ ರೋಗಿಗಳನ್ನು ನೋಡಿ ಮದ್ದಿನ ಬೆಲೆಯನ್ನು ಅಳೆಯಲು ಸಾಧ್ಯವೇ?

ಅಳೆಯುವ ದಾರಿ ಒಂದೇ. ನೂರಾರು, ಕೆಲವೊಮ್ಮೆ ಸಾವಿರಾರು ರೋಗಿಗಳನ್ನು ಒಪ್ಪಿಗೆ ಪಡೆದು ಸೇರಿಸಿ, ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ವರ್ಷಗಟ್ಟಲೆ ಕಾದು ಎಣಿಸಬೇಕು. ಚೀಟಿ ಏಕೆಂದರೆ, ಆಯ್ಕೆಯನ್ನು ವೈದ್ಯನಿಗೆ ಬಿಟ್ಟರೆ ಗಟ್ಟಿಮುಟ್ಟಾದವರಿಗೆ ಹೊಸ ಮದ್ದನ್ನೂ ದುರ್ಬಲರಿಗೆ ಹಳೆಯದನ್ನೂ ಕೊಡುವ ಮನಸ್ಸು ಅರಿಯದೆಯೇ ಬಂದೀತು. ಆಗ ಗೆದ್ದುದು ಮದ್ದೋ ಮೈಕಟ್ಟೋ ಎಂದು ಹೇಳಲಾಗದು.

ಈ ದಾರಿಯನ್ನು ಬಿಟ್ಟುದರ ಫಲವನ್ನು 1990ರ ದಶಕದಲ್ಲಿ ಜಗತ್ತು ಕಂಡಿತು. ಮದ್ದಿನ ಪ್ರಮಾಣವನ್ನು ಬಹುವಾಗಿ ಏರಿಸಿ, ಅದರಿಂದ ನಾಶವಾಗುವ ಮೂಳೆಮಜ್ಜೆಯನ್ನು ಮತ್ತೆ ತುಂಬಿಕೊಡುವ ಚಿಕಿತ್ಸೆ ಆಗ ಅಮೆರಿಕದಲ್ಲಿ ಹಬ್ಬಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ವಿಮಾ ಕಂಪನಿಗಳು ಹಣ ಕೊಡಬೇಕೆಂದು ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದವು. ಸಾವಿರಾರು ಹೆಂಗಸರು ಪರೀಕ್ಷೆಯ ಹೊರಗೇ ಈ ಚಿಕಿತ್ಸೆಯನ್ನು ಪಡೆದುದರಿಂದ, ಪರೀಕ್ಷೆಗಳಿಗೆ ಜನ ದೊರೆಯುವುದು ತಡವಾಯಿತು. ಕೊನೆಗೆ 1999ರಲ್ಲಿ ಐದು ಪರೀಕ್ಷೆಗಳ ಫಲ ಹೊರಬಂದಾಗ, ನಾಲ್ಕರಲ್ಲಿ ಆಯುಷ್ಯ ಹೆಚ್ಚಿದ ಸೂಚನೆಯಿರಲಿಲ್ಲ. ದಕ್ಷಿಣ ಆಫ್ರಿಕದಿಂದ ಬಂದ ಐದನೆಯದು ಮಾತ್ರ ಜಯಘೋಷ ಮಾಡಿತು. 2000ದಲ್ಲಿ ತನಿಖೆಯಾದಾಗ ಅದರ ವರದಿ ಸುಳ್ಳೆಂದು ಬಯಲಾಯಿತು. ಆ ವೇಳೆಗೆ ಈ ಚಿಕಿತ್ಸೆಯಿಂದಲೇ ಪ್ರಾಣ ಕಳೆದುಕೊಂಡವರೂ ಇದ್ದರು.

ಪರೀಕ್ಷೆಯ ಉದ್ದೇಶ ಮದ್ದಿಗೆ ಮದ್ದನ್ನು ಕೂಡಿಸುತ್ತ ಹೋಗುವುದೆಂದು ತಿಳಿಯಬಾರದು. ಕಳೆಯುವುದೂ ಅಷ್ಟೇ ಮುಖ್ಯ. 12 ಆವರ್ತಗಳಿಂದ ಆಗುವ ಕೆಲಸ ಆರರಿಂದಲೂ ಆಗುತ್ತದೆಂದು ಮಿಲಾನಿನವರೇ ಮುಂದಿನ ಪರೀಕ್ಷೆಯಿಂದ ತೋರಿಸಿದರು. 2018ರಲ್ಲಿ ಪ್ರಕಟವಾದ ಟೈಲರ್ಎಕ್ಸ್ ಎಂಬ ಪರೀಕ್ಷೆಯಲ್ಲಿ 10,273 ಹೆಂಗಸರು ಸೇರಿದ್ದರು. ಗ್ರಂಥಿಗಳಿಗೆ ರೋಗ ತಗುಲದ, ಹಾರ್ಮೋನಿಗೆ ಸ್ಪಂದಿಸುವ ಬಗೆಯ ಗಂಟಿನ 21 ಜೀನುಗಳನ್ನು ಅಳೆದು, ಮಧ್ಯಮ ಅಪಾಯದವರೆಂದು ಕಂಡುಬಂದ 6,711 ಮಂದಿಯಲ್ಲಿ ಚೀಟಿ ಎತ್ತಲಾಯಿತು. ಒಂಬತ್ತು ವರ್ಷಗಳಲ್ಲಿ ರೋಗವಿಲ್ಲದೆ ಉಳಿದವರು ಹಾರ್ಮೋನ್ ತಡೆಯುವ ಮಾತ್ರೆಯೊಂದನ್ನೇ ಪಡೆದ ಗುಂಪಿನಲ್ಲಿ ನೂರಕ್ಕೆ 83.3, ಅದರೊಡನೆ ಕೀಮೋಥೆರಪಿಯನ್ನೂ ಪಡೆದವರಲ್ಲಿ 84.3. ಐವತ್ತು ವರ್ಷದೊಳಗಿನ ಕೆಲವರಿಗೆ ಸ್ವಲ್ಪ ಲಾಭ ಕಂಡಿತು. ಉಳಿದ ಬಹುಮಂದಿಗೆ ಆ ಸಂಕಟವೇ ಬೇಕಿರಲಿಲ್ಲ. ಆದರೆ ಮದ್ದನ್ನು ಮಾರಿ ಬದುಕುವ ಕಂಪನಿಯು ಮದ್ದನ್ನು ಕಡಮೆ ಮಾಡುವ ಪರೀಕ್ಷೆಗೆ ಹಣ ಸುರಿಯುತ್ತದೆಯೆ? ಇದು ಸಾರ್ವಜನಿಕ ಹಣದಿಂದ ಆಗಬೇಕಾದ ಕೆಲಸ.

ನಮ್ಮ ದೇಶದಲ್ಲಿ ಇದು ಅಸಾಧ್ಯವೇನೂ ಅಲ್ಲ. ಪರಮಾಣು ಶಕ್ತಿ ಇಲಾಖೆಗೆ ಸೇರಿದ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರ ಮುಂದಾಳ್ತನದಲ್ಲಿ ಭಾರತದ 11 ಕೇಂದ್ರಗಳಲ್ಲಿ ಸುಮಾರು 1,600 ಹೆಂಗಸರ ಪರೀಕ್ಷೆ ನಡೆಯಿತು. ಶಸ್ತ್ರಕ್ರಿಯೆಗೆ ತುಸು ಮುಂಚೆ ಗಂಟಿನ ಸುತ್ತ ಲಿಡೋಕೇನ್ ಎಂಬ ಅಗ್ಗದ ಮರವು ಮದ್ದನ್ನು ಚುಚ್ಚಿದರೆ, ಐದು ವರ್ಷ ಬದುಕಿ ಉಳಿಯುವವರ ಸಂಖ್ಯೆ ನೂರಕ್ಕೆ 86.4ರಿಂದ 90.1ಕ್ಕೆ ಏರುತ್ತದೆಂದು 2023ರಲ್ಲಿ ವರದಿಯಾಯಿತು.

“ಮನುಷ್ಯರನ್ನು ಪ್ರಯೋಗಶಾಲೆಯ ಇಲಿಗಳನ್ನಾಗಿ ಮಾಡುವುದೆ?” ಎಂಬ ಆಕ್ಷೇಪ ಕೇಳಿಬರುತ್ತದೆ. ಬಡವರ ಅಜ್ಞಾನವನ್ನು ದುರುಪಯೋಗ ಮಾಡಿಕೊಳ್ಳುವ ಭಯ ನಿರಾಧಾರವಾದುದಲ್ಲ. ಆದುದರಿಂದಲೇ ಪರೀಕ್ಷೆಯ ವಿವರವನ್ನು ರೋಗಿಯ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೇಡವೆಂದವರಿಗೆ ಚಿಕಿತ್ಸೆಯಲ್ಲಿ ಕೊರತೆಯಾಗಬಾರದು. ಚೀಟಿಯಲ್ಲಿ ಹೊಸದು ಬರದವರಿಗೆ ಆ ಕಾಲದ ಅತ್ಯುತ್ತಮ ಚಿಕಿತ್ಸೆ ದೊರೆಯಬೇಕು. ಭಾರತದಲ್ಲಿ 2009ರಿಂದ ಹೊಸ ಪರೀಕ್ಷೆಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಸೋತ ಪರೀಕ್ಷೆಯ ಫಲವನ್ನೂ ತಪ್ಪದೆ ಪ್ರಕಟಿಸುವಂತಾಗಬೇಕು.

ಆದರೆ ಪರೀಕ್ಷೆ ಮಾಡದಿದ್ದರೆ ಪ್ರಯೋಗ ನಿಲ್ಲುತ್ತದೆಂದು ಭಾವಿಸುವುದು ಭ್ರಮೆ. ಪರೀಕ್ಷಿಸದ ಮದ್ದನ್ನು ಕೊಡುವುದೂ ಪ್ರಯೋಗವೇ. ಲೆಕ್ಕವಿಡದ, ಯಾರಿಗೂ ಪಾಠ ಕಲಿಸದ ಪ್ರಯೋಗ. ಮಿಲಾನಿನ ಆ 386 ಹೆಂಗಸರು ತಮ್ಮ ಪಾಲಿಗೆ ಯಾವುದು ಬಂದೀತೆಂದು ತಿಳಿಯದೆಯೇ ಪರೀಕ್ಷೆಯಲ್ಲಿ ಸೇರಿದರು. ಮದ್ದು ಸಿಗದ 179 ಮಂದಿಯ ಋಣವೂ, ಸಿಕ್ಕವರ ಋಣದಷ್ಟೇ, ಇಂದು ಚಿಕಿತ್ಸೆ ಪಡೆಯುತ್ತಿರುವ ಪ್ರತಿಯೊಬ್ಬ ಹೆಂಗಸಿನ ಮೇಲಿದೆ. ಆ ಋಣವನ್ನು ಮುಂದಿನವರಿಗೆ ಸಲ್ಲಿಸುವ ಹೊಣೆ ನಮ್ಮದು.