ಯಾವುದಕ್ಕೆ ಅವಾಹಕ?

ಮಕ್ಕಳೇ, ಹಳೆಯ ರೇಡಿಯೋ ಸ್ಪೀಕರಿನ ಕಪ್ಪು ಅಯಸ್ಕಾಂತವನ್ನು ಬಲ್ಬು ಮತ್ತು ಶುಷ್ಕಕೋಶದ ಮಂಡಲದಲ್ಲಿ ಸೇರಿಸಿರಿ. ಬಲ್ಬು ಬೆಳಗುವುದಿಲ್ಲ. ಕೂಡಲೇ ‘ಅವಾಹಕ’ ಎಂದು ಬರೆದು ಸುಮ್ಮನಾಗುತ್ತೇವೆ. ಅಷ್ಟೇ ಸಾಲದು ಎನ್ನುತ್ತೇನೆ ನಾನು. ಅದರ ಒಂದು ತುದಿಯನ್ನು ಬಿಸಿನೀರಿನಲ್ಲಿಡಿ. ಇನ್ನೊಂದು ತುದಿಯೂ ಬೆಚ್ಚಗಾಗುತ್ತದೆ.

ಗಾಳಿ ಬೀಸಿದಾಗ ಹಿಟ್ನಾಳದ ಭತ್ತದ ಗದ್ದೆಯನ್ನು ನೋಡಿರಿ. ಪೈರು ನಿಂತಲ್ಲೇ ಇರುತ್ತದೆ, ಅಲೆ ಗದ್ದೆ ದಾಟುತ್ತದೆ. ಅಯಸ್ಕಾಂತದಲ್ಲೂ ಪರಮಾಣುಗಳೆಂಬ ಪುಟ್ಟ ಅಯಸ್ಕಾಂತಗಳು ಹೀಗೆಯೇ ತೂಗಿ ಒಂದಿಷ್ಟು ಶಾಖ ಸಾಗಿಸಬಲ್ಲವು. ಇದು ‘ಸ್ಪಿನ್ ಅಲೆ’.

2010ರಲ್ಲಿ ಜಪಾನಿನ ವಿಜ್ಞಾನಿಗಳು ವಿದ್ಯುತ್ ಹರಿಯದ ಅಯಸ್ಕಾಂತ ಹರಳೊಂದನ್ನು ಬಹಳ ತಂಪಾಗಿಸಿ, ಕಾಂತಕ್ಷೇತ್ರದಲ್ಲಿಟ್ಟು, ಒಂದು ತುದಿಯಲ್ಲಿ ಕಾಯಿಸಿದರು. ಶಾಖ ನೇರವಾಗಿ ಸಾಗುತ್ತಲೇ ತುಸು ಪಕ್ಕಕ್ಕೂ ಸರಿಯಿತು! ಪರಮಾಣುಗಳ ಜೋಡಣೆಯೇ ಆ ಅಲೆಗಳನ್ನು ತಿರುಗಿಸಿತ್ತು.

ಇನ್ನು ಮುಂದೆ ‘ಅವಾಹಕ’ ಎಂದು ಬರೆಯುವಾಗ ‘ಯಾವುದಕ್ಕೆ?’ ಎಂದೂ ಕೇಳಿರಿ.