ಬ್ರೇಕ್ ಆಯಿಲ್ ತುಂಬಿಸುವ ಮುನ್ನ ಸೋರಿಕೆ ಹುಡುಕಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ – ಇಂಥದ್ದೊಂದನ್ನು ಇನ್ನೂ ಮನೆಯಲ್ಲಿಟ್ಟುಕೊಂಡು, ಭಾನುವಾರ ಬೆಳಿಗ್ಗೆ ಒರೆಸಿ ಬೀದಿಗಿಳಿಸುವ ಎಲ್ಲರಲ್ಲೂ ನನ್ನದೊಂದು ವಿನಂತಿ. ಡಿಕ್ಕಿಯಲ್ಲಿ ಬ್ರೇಕ್ ಆಯಿಲ್ ಬಾಟಲಿ ಇಟ್ಟುಕೊಂಡಿರುವುದು ತಪ್ಪಲ್ಲ. ಆದರೆ ‘ಸ್ವಲ್ಪ ಸೋರುತ್ತೆ, ವಾರಕ್ಕೊಮ್ಮೆ ಹಾಕ್ಕೊಂಡ್ರಾಯ್ತು, ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇದ್ದದ್ದೇ’ ಎನ್ನುವ ಸಮಾಧಾನವನ್ನು ದಯವಿಟ್ಟು ಬಿಟ್ಟುಬಿಡಿ.

ಕ್ಲಚ್ಚಿನ ಆಯಿಲ್ ಸೋರಿದರೆ ಗೇರ್ ಬೀಳುವುದಿಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಅದನ್ನು ಎಲ್ಲರೂ ಮರುದಿನವೇ ಸರಿಮಾಡಿಸುತ್ತಾರೆ. ಬ್ರೇಕ್ ಸೋರಿದರೆ ಗಾಡಿ ಓಡುತ್ತಲೇ ಇರುತ್ತದಲ್ಲ, ಉದಾಸೀನ ಮಾಡುವುದು ಅದನ್ನೇ. ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲ್ಲಿನ ಸಾಲುಗಳು ಎರಡಿರುತ್ತವೆ; ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ನಮ್ಮ ಬಹುತೇಕ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸಾಲು. ಅಲ್ಲಿನ ಆಯಿಲ್ ಮುಗಿದರೆ ಪೆಡಲ್ ನೆಲ ಮುಟ್ಟುತ್ತದೆ. ಆಮೇಲೆ ಕೈಗೆ ಸಿಗುವುದು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವ ಹ್ಯಾಂಡ್ ಬ್ರೇಕ್. ಚಾರ್ಮಾಡಿ ಘಾಟಿ ಇಳಿಯುವಾಗ ಎದುರಿಗೆ ಬರುವ ಬಸ್ಸಿನವರಿಗೆ ನಿಮ್ಮ ಕಾರಿನ ಚರಿತ್ರೆ ಗೊತ್ತಿರುವುದಿಲ್ಲ.

ಓಡದೆ ನಿಂತ ಗಾಡಿಯೇ ಹೆಚ್ಚು ಸೋರುತ್ತದೆ ಎಂಬುದನ್ನೂ ಗಮನಿಸಬೇಕು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ತಂದಿತು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಎಂದು ಹೊರಗೆ ತೆಗೆಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ನಿಯಮ ಸರಿಯೇ ಇದೆ. ಆದರೆ ತಿಂಗಳುಗಟ್ಟಲೆ ಷೆಡ್ಡಿನಲ್ಲಿ ನಿಂತಾಗ ಒಳಗೆ ನಡೆಯುವುದೇ ಬೇರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಬೇಗ. ಆ ನೀರು ಸಿಲಿಂಡರಿನ ಬೀಡಿನ ಒಳಮೈಗೆ ತುಕ್ಕು ಹಿಡಿಸಿ ಸಣ್ಣಸಣ್ಣ ಗುಳಿ ಮಾಡುತ್ತದೆ. ಮುಂದೆ ಪಿಸ್ಟನ್ ಅಲ್ಲಾಡಿದಾಗ ರಬ್ಬರ್ ವಾಷರಿನ ಅಂಚು ಆ ಗುಳಿಗೆ ಉಜ್ಜಿ ಹರಿಯುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ ಎಂಬುದು ಇನ್ನೊಂದು ಕಾಟ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಮಾನದಂಡ ಕೇಳುವುದು 140 ಮಾತ್ರ. ಘಾಟಿಯ ಉದ್ದದ ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನಂತಾಗುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಬಾಟಲಿ ಬಗ್ಗಿಸುವ ಮೊದಲು ಟಾರ್ಚ್ ಹಿಡಿದು, ಬಿಳಿ ಬಟ್ಟೆ ತೆಗೆದುಕೊಂಡು ಹುಡುಕಿ. ಹೆರಾಲ್ಡ್ ಇದ್ದವರು ಪುಣ್ಯವಂತರು. ಅದರ ಬಾನೆಟ್ ಇಡೀ ಮುಂಭಾಗದ ಸಮೇತ ಎತ್ತಿಕೊಳ್ಳುತ್ತದೆ, ಬ್ರೇಕ್ ಮತ್ತು ಕ್ಲಚ್ಚಿನ ಆಯಿಲ್ ಡಬ್ಬಿಗಳೆರಡೂ ಕಣ್ಣೆದುರಿಗೇ ಇರುತ್ತವೆ. ಮೊರಿಸ್ ಮೈನರ್ ಇದ್ದವರಿಗೆ ಆ ಸುಖವಿಲ್ಲ. ಮಾಸ್ಟರ್ ಸಿಲಿಂಡರ್ ಡ್ರೈವರಿನ ಕಾಲಡಿಯ ತಗಡಿನ ಕೆಳಗೆ ಅವಿತಿದೆ. ಡಬ್ಬಿಯ ಕೆಳಗಿನ ಪೇಂಟ್ ಸುಕ್ಕುಗಟ್ಟಿದೆಯೇ, ಉಗುರು ತಾಗಿಸಿದರೆ ಸಿಪ್ಪೆಯಂತೆ ಏಳುತ್ತದೆಯೇ ನೋಡಿ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ, ಹೀಗಾಗಿ ಸೋರಿದ ದಾರಿ ತಾನಾಗಿ ಬರೆದುಕೊಂಡಿರುತ್ತದೆ. ಮೊದಲು ಎಲ್ಲ ಒರೆಸಿ, ನೀರಿನಿಂದ ತೊಳೆದು, ಒಣಗಿಸಿ. ನಂತರ ಯಾರಾದರೂ ಪೆಡಲ್ ಒತ್ತಿ ಹಿಡಿದಿರಲಿ, ನೀವು ನೋಡುತ್ತಿರಿ.

ತೇವ ಮುಚ್ಚಳದ ಸುತ್ತಲೇ ಇದ್ದರೆ ಹೆದರಬೇಕಿಲ್ಲ. ಗುರುತು ಮೀರಿ ತುಂಬಿಸಿದ್ದಾರೆ, ಇಲ್ಲವೇ ಮುಚ್ಚಳದೊಳಗಿನ ವಾಷರ್ ಸತ್ತಿದೆ. ಮುಚ್ಚಳದಲ್ಲಿ ಗಾಳಿಯಾಡಲೆಂದೇ ಒಂದು ಸಣ್ಣ ತೂತಿರುತ್ತದೆ. ಸೋರುವುದು ಅಲ್ಲಿಂದಲೇ ಎಂದು ಅದಕ್ಕೆ ಎಂ-ಸೀಲ್ ಮೆತ್ತುವ ಜಾಣರಿದ್ದಾರೆ, ಅದನ್ನು ಮಾತ್ರ ಮಾಡಬೇಡಿ. ಬುಡದಲ್ಲಿ ತೇವವಿದ್ದು ಡಬ್ಬಿ ಪ್ಲಾಸ್ಟಿಕ್ಕಿನದಾದರೆ ಅದು ಸಿಲಿಂಡರಿಗೆ ಕೂರುವಲ್ಲಿನ ರಬ್ಬರ್ ಗಟ್ಟಿಯಾಗಿರಬಹುದು. ತಗಡಿನದಾದರೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು. ಪೈಪಿನ ಜೋಡಣೆಯಲ್ಲಿ ತಾಮ್ರದ ವಾಷರ್ ಇದ್ದರೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿಸಿ, ಹಳೆಯದನ್ನು ಬಿಗಿದು ಬಿಗಿದು ತ್ರೆಡ್ ಕೆಡಿಸಬೇಡಿ.

ನಿಜವಾಗಿ ಎಚ್ಚರಿಕೆ ಬೇಕಾದದ್ದು ಪೆಡಲಿನ ಕಡೆ. ಕಾರ್ಪೆಟ್ ಎತ್ತಿ, ಪುಷ್‌ರಾಡಿನ ರಬ್ಬರ್ ಬೂಟನ್ನು ಸರಿಸಿ ಬೆರಳಿಟ್ಟು ನೋಡಿ. ಒದ್ದೆಯಾಗಿದ್ದರೆ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ ಎಂದೇ ಅರ್ಥ. ಇಲ್ಲೆಲ್ಲೂ ಒಂದು ಹನಿಯೂ ಕಾಣದೆ ಡಬ್ಬಿ ಮಾತ್ರ ಇಳಿಯುತ್ತಿದ್ದರೆ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ನೋಡಬೇಕು. ಆಯಿಲ್ ಕುಡಿದ ಲೈನರನ್ನು ಉಜ್ಜಿ ಒಣಗಿಸಿ ಮತ್ತೆ ಹಾಕುವ ಉಳಿತಾಯ ಬೇಡ.

ಸಿಲಿಂಡರಿಗೆ ಹೊಸ ರಬ್ಬರ್ ವಾಷರುಗಳ ಕಿಟ್ ಹಾಕಿಸುವಾಗ ಮೆಕ್ಯಾನಿಕ್ಕಿನ ಪಕ್ಕದಲ್ಲೇ ನಿಲ್ಲಿ. ಸಿಲಿಂಡರಿನ ಒಳಮೈ ಕನ್ನಡಿಯಂತೆ ಹೊಳೆಯಬೇಕು. ಉಗುರಿಗೆ ಗುಳಿ ತಾಗಿದರೆ ಹೊಸ ಕಿಟ್ ಹಾಕಿಯೂ ಪ್ರಯೋಜನವಿಲ್ಲ. ಸ್ಲೀವ್ ಹಾಕಿಸಿ, ಇಲ್ಲವೇ ಸಿಲಿಂಡರನ್ನೇ ಬದಲಾಯಿಸಿ. ತೊಳೆಯಲು ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಯಾವುದೂ ಕೂಡದು, ಇಂಜಿನ್ ಆಯಿಲ್ ಸವರುವುದಂತೂ ಬೇಡವೇ ಬೇಡ. ಅವುಗಳ ಒಂದಿಷ್ಟು ಪಸೆ ಉಳಿದರೂ ರಬ್ಬರ್ ಊದಿಕೊಳ್ಳುತ್ತದೆ. ತೊಳೆಯುವುದಕ್ಕೂ ಹೊಸ ಬ್ರೇಕ್ ಆಯಿಲ್ಲೇ ಸಾಕು. ಪುಷ್‌ರಾಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ಅದಿಲ್ಲದಿದ್ದರೆ ಆಯಿಲ್ ಡಬ್ಬಿಗೆ ಹಿಂತಿರುಗದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಪೇಂಟ್ ತಿನ್ನುವುದಿಲ್ಲ ಎಂಬ ಆಸೆಗೆ ಸಿಲಿಕೋನಿನ ಡಾಟ್ 5 ತಂದು ಹಳೆಯದರ ಮೇಲೆ ಸುರಿಯಬೇಡಿ, ಎರಡೂ ಬೆರೆಯುವುದಿಲ್ಲ. ಡಾಟ್ 5.1 ಎಂಬುದು ಹೆಸರಿಗೆ ಅದರ ತಮ್ಮನಂತೆ ಕಂಡರೂ ಡಾಟ್ 3, ಡಾಟ್ 4ರ ಜಾತಿಯದೇ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದವರೆಗಿನ ಬಿಡಿಭಾಗದ ಅಂಗಡಿಯವರಲ್ಲೂ ಒಂದು ಮಾತು: ಬಾಯಿ ತೆರೆದಿಟ್ಟ ಡಬ್ಬದಿಂದ ಚಿಲ್ಲರೆಯಾಗಿ ಬ್ರೇಕ್ ಆಯಿಲ್ ಅಳೆದು ಕೊಡುವುದನ್ನು ನಿಲ್ಲಿಸಿ, ಸೀಲ್ ಇರುವ ಸಣ್ಣ ಬಾಟಲಿಯನ್ನೇ ಕೊಡಿ. ಗಾಡಿಯವರು ಕಿಟ್ ಕೊಳ್ಳಲು ಹೋಗುವಾಗ ಹಳೆಯ ವಾಷರುಗಳನ್ನು ಜೊತೆಗೆ ಒಯ್ಯಿರಿ. ಎಷ್ಟೋ ಸಿಲಿಂಡರುಗಳ ಹೊರಮೈ ಮೇಲೆ ಒಳ ಅಳತೆ ಅಚ್ಚಾಗಿರುತ್ತದೆ. ಅದನ್ನು ಬರೆದು ಆರ್‌ಸಿ ಇರುವ ಕವರಿನಲ್ಲೇ ಇಟ್ಟರೆ ನಾಳೆ ಗಾಡಿ ನೋಡಿಕೊಳ್ಳುವ ನಿಮ್ಮ ಮಕ್ಕಳಿಗೂ ಅನುಕೂಲ.